ವಸಂತ ವಿಹಾರದಿಂದ ಬಂದ ಕುರ್ಚಿ

ನನ್ನ ಗಂಡನಿಗೆ ಬೆನ್ನುನೋವು ಶುರುವಾದದ್ದು ರೆಕಾರ್ಡ್ ಪ್ಲೇಯರ್ ಕೊಂಡ ಮೇಲೆ. ಅದಕ್ಕೂ ಮುಂಚೆ ಅವರು ಮನೆಯಲ್ಲಿ ಅರ್ಧ ಗಂಟೆ ಒಂದೇ ಕಡೆ ಕೂತದ್ದನ್ನು ನಾನು ಕಂಡಿರಲಿಲ್ಲ. ದೆಹಲಿಯ ಆರ್.ಕೆ.ಪುರಂನ ನಮ್ಮ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಕಬ್ಬಿಣದ ಎರಡು ಮಡಚುವ ಕುರ್ಚಿ, ಬೆತ್ತದ ಒಂದು ಸ್ಟೂಲು, ಒಂದು ಮಂಚ. ಮಡಚುವ ಕುರ್ಚಿಯಲ್ಲಿ ಕೂತರೆ ಆಲಾಪನೆ ಮುಗಿಯುವಷ್ಟರಲ್ಲಿ ಸೊಂಟ ಹಿಡಿಯುತ್ತಿತ್ತು. ಮಂಚದ ಮೇಲೆ ಒರಗಿದರೆ ಪಲ್ಲವಿಗೆ ಮೊದಲೇ ಗೊರಕೆ. ಸಂಗೀತಕ್ಕೆಂದೇ ಒಂದು ಕುರ್ಚಿ ಬೇಕು ಎಂದು ಅವರು ಹೇಳಿದಾಗ ನನಗೆ ಮೊದಲು ಬಂದದ್ದು ಅನುಮಾನ. ಆಫೀಸಿನ ಯಾರದೋ ಮನೆಗೆ ಹೋಗಿ, ಅಲ್ಲಿ ಯಾವುದೋ ಕುರ್ಚಿಯಲ್ಲಿ ಕೂತು ಬಂದಿದ್ದಾರೆ ಅಂತ. ಕೇಳಿದೆ. ಇಲ್ಲ ಎಂದರು. ನಾನು ನಂಬಲಿಲ್ಲ.

ನನ್ನ ಸ್ವಭಾವವೇ ಹಾಗೆ. ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ. ಬಾಗಿಲು ದಾಟುವ ಪ್ರತಿಯೊಬ್ಬರ ಚೀಲದ ಮೇಲೂ ಕಣ್ಣಿಡುವುದು ನನ್ನ ಕೆಲಸದ ಭಾಗ. ಆ ಕಣ್ಣನ್ನು ಸಂಜೆ ಮನೆಗೆ ಬಂದಮೇಲೆ ತೆಗೆದಿಡುವುದು ನನಗೆ ಆಗುತ್ತಿರಲಿಲ್ಲ.

ಭಾನುವಾರಗಳಲ್ಲಿ ಬಸ್ಸು ಹತ್ತಿ ಪಂಚಕುಯ್ಯಾ ರಸ್ತೆಯ ಮೇಜು ಕುರ್ಚಿಯ ಅಂಗಡಿಗಳಿಗೆ ಹೋಗತೊಡಗಿದೆವು. ನನ್ನ ಗಂಡ ಬಟ್ಟೆಯ ಚೀಲದಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಬರುತ್ತಿದ್ದರು. ಕುರ್ಚಿಯಲ್ಲಿ ಕೂತು, ಟ್ರಾನ್ಸಿಸ್ಟರನ್ನು ಆರು ಅಡಿ ದೂರದ ಮೇಜಿನ ಮೇಲೆ ಇಡಲು ನನಗೆ ಹೇಳಿ, ಕಣ್ಣು ಮುಚ್ಚುತ್ತಿದ್ದರು. ಸುಮ್ಮನೆ ಕೂತು ನೋಡಿದರೆ ಕುರ್ಚಿ ಗೊತ್ತಾಗುವುದಿಲ್ಲ, ಕೇಳುತ್ತ ಕೂತರೆ ಮಾತ್ರ ಗೊತ್ತಾಗುತ್ತದೆ ಎನ್ನುವುದು ಅವರ ವಾದ. ಅದು ನಿಜವೂ ಆಗಿತ್ತು. ಒಂದು ಕುರ್ಚಿ ಉಸಿರು ಎಳೆದಾಗಲೆಲ್ಲ ಕಿರ್ ಎನ್ನುತ್ತಿತ್ತು. ಇನ್ನೊಂದರ ಬೆನ್ನು ಎರಡೂ ಬದಿಗೆ ರೆಕ್ಕೆಯಂತೆ ಚಾಚಿಕೊಂಡು ಕಿವಿಗಳನ್ನು ಮುಚ್ಚುತ್ತಿತ್ತು. ಮತ್ತೊಂದರ ತೋಳು ಎಷ್ಟು ಎತ್ತರವಿತ್ತೆಂದರೆ ಭುಜ ಮೇಲೇರಿ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ಅಂಗಡಿಯವರು ಮೊದಲು ನಗುತ್ತಿದ್ದರು, ಎರಡನೆಯ ಭಾನುವಾರದ ಹೊತ್ತಿಗೆ ಚೀಲದೊಳಗೆ ಇಣುಕಿ ನೋಡತೊಡಗಿದರು.

ಕೊನೆಗೆ ಒಂದು ಕುರ್ಚಿ ಹಿಡಿಸಿತು. ತೇಗ, ಹೊಸದು ಎಂದು ಅಂಗಡಿಯವನು ಆಣೆ ಮಾಡಿದ. ಆಣೆ ಮಾಡಿದ್ದರಿಂದಲೇ ನಾನು ತಲೆಯಿಂದ ಹೇರ್‌ಪಿನ್ ತೆಗೆದು ಕುರ್ಚಿಯ ಕಾಲಿನ ಒಳಭಾಗದಲ್ಲಿ ಗೀರಿದೆ. ಪಾಲಿಶ್ ಸಿಪ್ಪೆಯಂತೆ ಎದ್ದು, ಒಳಗಿಂದ ಹಿಟ್ಟಿನಂಥ ಪುಡಿ ಉದುರಿತು. ಅಂಗಡಿಯವನು ಆ ಪುಡಿಯನ್ನು ಕಾಲಿನಿಂದ ಉಜ್ಜುತ್ತ, ಅದು ಕಾರ್ಖಾನೆಯ ಧೂಳು ಎಂದ. ನಾವು ಬಸ್ ಸ್ಟಾಪಿಗೆ ನಡೆದೆವು. ನನ್ನ ಗಂಡ ಟ್ರಾನ್ಸಿಸ್ಟರಿನ ಚೀಲ ಹಿಡಿದು ನನಗಿಂತ ಹತ್ತು ಹೆಜ್ಜೆ ಮುಂದೆ ಹೋದರು. ಹುಳು ತಿಂದದ್ದಕ್ಕಿಂತ ನಾನು ಅದನ್ನು ಕಂಡುಹಿಡಿದದ್ದೇ ಅವರಿಗೆ ಬೇಸರವಾಗಿತ್ತು.

ಅದು ಎಪ್ಪತ್ತೈದರ ಚಳಿಗಾಲ. ತುರ್ತು ಪರಿಸ್ಥಿತಿ ಜಾರಿಯಾಗಿ ಅರ್ಧ ವರ್ಷ ಆಗಿತ್ತು. ಬಸ್ಸಿನಲ್ಲಿ ಜನ ಹವೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಯಾರಾದರೂ ಹೆಚ್ಚು ಮಾತಾಡಿದರೆ ಪಕ್ಕದವರು ಕಿಟಕಿಯ ಕಡೆ ತಿರುಗುತ್ತಿದ್ದರು. ಬಸ್ಸು ಮಾತ್ರ ಸರಿಯಾದ ಸಮಯಕ್ಕೆ ಬರುತ್ತಿತ್ತು.

ಆ ದಿನಗಳಲ್ಲಿ ಒಮ್ಮೆ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ನೋಡಿದೆವು. ವಸಂತ ವಿಹಾರದಲ್ಲಿ ಒಂದು ವಿದೇಶಿ ಕುಟುಂಬ ದೇಶ ಬಿಟ್ಟು ಹೋಗುತ್ತಿದೆ, ಮನೆ ಸಾಮಾನು ಮಾರಾಟಕ್ಕಿದೆ ಎಂದು. ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೂರ. ಹೋದೆವು. ಖಾಲಿಯಾಗುತ್ತಿದ್ದ ದೊಡ್ಡ ಹಾಲಿನಲ್ಲಿ, ಕಿಟಕಿಯ ಪಕ್ಕ ಆ ಕುರ್ಚಿ ಇತ್ತು. ಕಂದು ಚರ್ಮ, ಅಗಲವಾದ ತೋಳು, ತಲೆ ಒರಗುವಲ್ಲಿ ತುಸು ತಗ್ಗು. ನನ್ನ ಗಂಡ ಚೀಲದಿಂದ ಟ್ರಾನ್ಸಿಸ್ಟರ್ ತೆಗೆಯಲು ಹೋದಾಗ ಆ ಮನೆಯಾಕೆ ನಕ್ಕು, ಬೇಡ ಎಂದು ಕೈಯಾಡಿಸಿ, ಇನ್ನೂ ಕಟ್ಟಿಡದ ತನ್ನ ರೆಕಾರ್ಡ್ ಪ್ಲೇಯರಿನ ಮೇಲೆ ಪಿಯಾನೋದ ಒಂದು ತಟ್ಟೆ ಹಾಕಿದಳು. ನನ್ನ ಗಂಡ ಕೂತರು. ಒಂದು ಬದಿ ಪೂರ್ತಿ ಮುಗಿಯುವವರೆಗೂ ಏಳಲಿಲ್ಲ. ಅವರ ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡದ್ದನ್ನು ನಾನು ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಸಲ ಕಂಡೆ.

ಆ ಹೊತ್ತಿಗೆ ಆಕೆ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಿಗಿಳಿದಿದ್ದಳು. ಎಲ್ಲಿ ಮನೆ, ಮಕ್ಕಳಿದ್ದಾರೆಯೇ, ಯಾವ ಭಾಷೆಯವರು, ಗಂಡ ಏನು ಕೆಲಸ ಮಾಡುತ್ತಾರೆ ಎಂದೆಲ್ಲ ಕೇಳಿದಳು. ಕೊನೆಯ ಪ್ರಶ್ನೆಗೆ ನನ್ನ ಗಂಡ ಕಣ್ಣು ಬಿಡದೆಯೇ, ತಾನು ಶಾಲೆಯ ಮೇಷ್ಟ್ರು ಎಂದು ಉತ್ತರ ಕೊಟ್ಟರು. ಅವರು ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ನಾನು ಅವರತ್ತ ನೋಡಿದೆ. ಆಕೆ ಕೇಳಿದ ಬೆಲೆ ನಾವು ಪಂಚಕುಯ್ಯಾ ರಸ್ತೆಯಲ್ಲಿ ಕೇಳಿದ್ದ ಎಲ್ಲ ಬೆಲೆಗಳಿಗಿಂತ ಕಡಿಮೆ. ನಾನು ಹೇರ್‌ಪಿನ್ ಹಿಡಿದು ಕುರ್ಚಿಯ ನಾಲ್ಕೂ ಕಾಲು ನೋಡಿದೆ. ಎಲ್ಲೂ ಪುಡಿ ಉದುರಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ಕುರ್ಚಿಯನ್ನು ಕೈಗಾಡಿಯ ಮೇಲೆ ಹಾಕಿಸಿ ನಾವಿಬ್ಬರೂ ಹಿಂದೆ ನಡೆದು ಬಂದೆವು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದ್ದಕ್ಕೆ ನನ್ನ ಗಂಡ ತಮ್ಮ ಆಫೀಸಿಗೆ ಬಂದಿದ್ದ ಸುತ್ತೋಲೆಯ ವಿಷಯ ಹೇಳಿದರು. ವಿದೇಶಿಯರ ಜೊತೆ ಒಡನಾಟ, ವ್ಯವಹಾರ ಇದ್ದರೆ ಮೇಲಿನವರಿಗೆ ತಿಳಿಸಬೇಕಂತೆ. ಒಂದು ಕುರ್ಚಿ ಕೊಂಡರೆ ಅದು ವ್ಯವಹಾರವೋ ಅಲ್ಲವೋ ಅವರಿಗೆ ಖಚಿತವಿರಲಿಲ್ಲ. ಕೇಳಿದರೆ ಕೇಳಿದ್ದೇ ತಪ್ಪಾಗುವ ಕಾಲ.

ಕ್ವಾರ್ಟರ್ಸಿನ ಗೇಟಿನಲ್ಲಿ ಕೆಳಗಿನ ಮನೆಯವರು ನಿಂತಿದ್ದರು. ಮಂಗಳೂರು ಕಡೆಯವರು, ಐವತ್ತರ ಹತ್ತಿರದ ವಯಸ್ಸು, ಹೆಂಡತಿ ಮಕ್ಕಳು ಊರಲ್ಲಿ. ಮೂರು ತಿಂಗಳ ಹಿಂದೆ ಬಂದಿದ್ದರು. ಯಾವ ಇಲಾಖೆ ಎಂದು ಕೇಳಿದರೆ "ಕಾಗದ ನೋಡುವುದು" ಎನ್ನುತ್ತಿದ್ದರು, ಅಷ್ಟೇ. ಅವರು ಕೈಗಾಡಿಯನ್ನು ಒಂದು ಸುತ್ತು ಹಾಕಿದರು.

"ಒಳ್ಳೆಯ ಕುರ್ಚಿ. ಎಲ್ಲಿಂದ ತಂದದ್ದು?"

"ಪಂಚಕುಯ್ಯಾ ರಸ್ತೆ," ಎಂದರು ನನ್ನ ಗಂಡ.

"ಹೌದಾ? ಅಲ್ಲಿ ನಾನೂ ನೋಡಿದ್ದುಂಟು. ಇಂಥದ್ದು ಸಿಗುವುದಿಲ್ಲ."

ಕೈಗಾಡಿ ಬಂದದ್ದು ಪಂಚಕುಯ್ಯಾ ರಸ್ತೆಯ ದಿಕ್ಕಿನಿಂದ ಅಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಮೊದಲ ವಾರ ನಾವು ನಿಜವಾಗಿಯೂ ಸುಖವಾಗಿದ್ದೆವು. ಸಂಜೆ ಆರಕ್ಕೆ ನನ್ನ ಗಂಡ ಕೈಕಾಲು ತೊಳೆದು, ಕಾಫಿ ಕುಡಿದು, ಒಂದು ತಟ್ಟೆ ಹಾಕಿ ಆ ಕುರ್ಚಿಯಲ್ಲಿ ಕೂರುತ್ತಿದ್ದರು. ವಯೊಲಿನ್ನಿನ ತೋಡಿ ಅವರಿಗೆ ಹೊಸದಾಗಿ ಕೇಳಿಸಿತಂತೆ. ಒಂದೊಂದು ದಿನ ಅವರು ಬರುವ ಮುಂಚೆ ನಾನೂ ಕೂರುತ್ತಿದ್ದೆ. ಆ ಕುರ್ಚಿಯಲ್ಲಿ ಕೂತಾಗ ಮೈ ಭಾರ ಎಲ್ಲಿ ಹೋಯಿತೆಂದು ತಿಳಿಯುತ್ತಿರಲಿಲ್ಲ, ಬರೀ ಕಿವಿ ಉಳಿಯುತ್ತಿತ್ತು.

ಎರಡನೆಯ ವಾರ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಮೆಟ್ಟಿಲ ಮೇಲೆ ಹಾಡು ಕೇಳಿಸಿತು, ಸ್ವಲ್ಪ ಹೊತ್ತು ಕೂರಬಹುದೇ ಎಂದರು. ವಯಸ್ಸಿನಲ್ಲಿ ಹಿರಿಯರು, ಮನೆಗೆ ಬಂದವರು. ನನ್ನ ಗಂಡ ಕುರ್ಚಿ ಬಿಟ್ಟುಕೊಟ್ಟು ಬೆತ್ತದ ಸ್ಟೂಲಿನ ಮೇಲೆ ಕೂತರು. ಮರುದಿನವೂ ಬಂದರು, ಅದರ ಮರುದಿನವೂ. ಮೊದಲ ಎರಡು ಸಲ ಅವರು ಕಣ್ಣು ಮುಚ್ಚಲಿಲ್ಲ. ಗೋಡೆಯ ಕ್ಯಾಲೆಂಡರ್, ಕಪಾಟಿನ ಮೇಲಿನ ಪುಸ್ತಕಗಳು, ಅಡಿಗೆ ಮನೆಯ ಬಾಗಿಲು, ಎಲ್ಲವನ್ನೂ ನಿಧಾನವಾಗಿ ನೋಡಿದರು. ಮೂರನೆಯ ದಿನ ಕಣ್ಣು ಮುಚ್ಚಿದರು. ಆದರೆ ಆಗ ಅವರ ಬಲಗೈ ಕುರ್ಚಿಯ ತೋಳಿನ ಅಡಿಗೆ ಹೋಯಿತು. ನಾನು ಲೋಟ ತರುವ ನೆಪದಲ್ಲಿ ಪಕ್ಕದಿಂದ ಹಾದು ಬಂದು ನೋಡಿದೆ. ಬೆರಳುಗಳು ಅಲ್ಲಿ ಏನನ್ನೋ ಹುಡುಕುತ್ತಿದ್ದವು. ಒಂದು ಕಡೆ ಒತ್ತಿ, ಸರಿದು, ಇನ್ನೊಂದು ಕಡೆ ಒತ್ತಿ.

ಅವರು ಹೋದ ಮೇಲೆ ಗಂಡನನ್ನು ಅಡಿಗೆ ಮನೆಗೆ ಕರೆದು ಹೇಳಿದೆ. ಅವರು ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಮಾತಾಡಿದರು. ಅವರ ಆಫೀಸಿನಲ್ಲಿ ಒಬ್ಬರನ್ನು ಕರೆದು, ಯಾವುದೋ ವಿದೇಶಿಯರ ಮನೆಯ ಊಟಕ್ಕೆ ಹೋದದ್ದರ ಬಗ್ಗೆ ವಿಚಾರಿಸಿದರೆಂದು ಸುದ್ದಿ ಹಬ್ಬಿತ್ತಂತೆ. ಹೋದವರು ಸಂಜೆ ವಾಪಸು ಬಂದು ಎಂದಿನಂತೆ ಟೈಪ್ ಮಾಡುತ್ತ ಕೂತರು, ಆದರೆ ಅವರ ಪಕ್ಕದಲ್ಲಿ ಚಹಾ ಕುಡಿಯಲು ಯಾರೂ ನಿಲ್ಲುವುದಿಲ್ಲ. ಆ ಕುರ್ಚಿ ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟಳು ಎಂದು ನಾನು ಕೇಳಿದೆ. ಅವಳಿಗೆ ಅಷ್ಟೊಂದು ಪ್ರಶ್ನೆ ಯಾಕೆ ಎಂದು ಅವರು ಕೇಳಿದರು. ಒಂದು ಕುರ್ಚಿಯೊಳಗೆ ಏನನ್ನು ಬೇಕಾದರೂ ಇಡಬಹುದು, ಮಾತು ಕದ್ದು ಕೇಳುವ ಯಂತ್ರವನ್ನೂ ಇಡಬಹುದು ಎಂದು ಇಬ್ಬರಲ್ಲಿ ಯಾರು ಮೊದಲು ಹೇಳಿದೆವೋ ನೆನಪಿಲ್ಲ. ನಾನೇ ಇರಬೇಕು.

ಅಂದಿನಿಂದ ಮನೆಯ ಮಾತೆಲ್ಲ ಅಡಿಗೆ ಮನೆಗೆ ಹೋಯಿತು. ಮಾತಾದರೂ ಏನು? ಮೊಸರು ಹುಳಿಯಾಗಿದೆ, ಅಮ್ಮನ ಕಾಗದ ಬಂದಿದೆ, ಸೀಮೆಎಣ್ಣೆಯ ಸಾಲು ಉದ್ದವಿದೆ. ಅದನ್ನೂ ನಲ್ಲಿ ಬಿಟ್ಟುಕೊಂಡೇ ಹೇಳುತ್ತಿದ್ದೆವು. ಕುರ್ಚಿಯಿದ್ದ ಕೋಣೆಯಲ್ಲಿ ಇಬ್ಬರೂ, ಪಾಠ ಒಪ್ಪಿಸುವ ಮಕ್ಕಳ ಹಾಗೆ, ಹವೆ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆವು. ಕೆಳಗಿನ ಮನೆಯವರು ಸಂಜೆ ಬಂದು ಕೂರುವುದನ್ನು ಮಾತ್ರ ಬಿಡಲಿಲ್ಲ. ಅವರ ಬೆರಳುಗಳೂ ಬಿಡಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಾಗಿಲಿಗೆ ಚಿಲಕ ಹಾಕಿ ಕುರ್ಚಿಯನ್ನು ತಲೆಕೆಳಗು ಮಾಡಿದೆವು. ಅಡಿಯಲ್ಲಿ ಹೊಲಿದಿದ್ದ ಕ್ಯಾನ್ವಾಸನ್ನು ನಾನು ಬ್ಲೇಡಿನಿಂದ ಬಿಚ್ಚಿದೆ. ಕುದುರೆಕೂದಲಿನಂಥ ಕಪ್ಪು ನಾರು, ಸಾಲುಸಾಲು ಸ್ಪ್ರಿಂಗು, ಒಂದು ಮಗುವಿನ ಅಂಗಿಯ ಗುಂಡಿ. ತೋಳಿನ ಅಡಿಯಲ್ಲಿ ಏನೂ ಇರಲಿಲ್ಲ. ಇಬ್ಬರೂ ಉಸಿರು ಬಿಟ್ಟೆವು. ಆಗ ನನ್ನ ಗಂಡನ ಕಣ್ಣಿಗೆ ಆ ತಂತಿ ಬಿತ್ತು. ಬಟ್ಟೆಯ ಪಟ್ಟಿ ಸುತ್ತಿದ ದಪ್ಪ ತಂತಿಯೊಂದು ಸೀಟಿನ ಅಂಚಿನಲ್ಲಿ ಒಂದು ಸ್ಪ್ರಿಂಗಿನಿಂದ ಇನ್ನೊಂದಕ್ಕೆ ಹಾದು, ಮೂಲೆ ತಿರುಗಿ, ಬೆನ್ನಿನ ಕಡೆ ಹೋಗಿತ್ತು.

"ಇದ್ಯಾಕೆ ಬಟ್ಟೆ ಸುತ್ತಿದಾರೆ?" ಎಂದು ಪಿಸುಗುಟ್ಟಿದರು. ಹಣೆಯ ಮೇಲೆ ಬೆವರಿತ್ತು, ಜನವರಿಯ ಚಳಿಯಲ್ಲಿ.

ಇಕ್ಕಳ ತಂದುಕೊಟ್ಟೆ. ಅವರು ನಾಲ್ಕು ಕಡೆ ತುಂಡರಿಸಿದರು. ಪ್ರತಿ ಸಲ ಕತ್ತರಿಸಿದಾಗಲೂ ಕುರ್ಚಿ ಒಳಗಿನಿಂದ ಠಣ್ ಎಂದು ಸದ್ದು ಮಾಡಿತು. ತಂತಿಯ ತುಂಡುಗಳನ್ನು ಕಾಗದದಲ್ಲಿ ಸುತ್ತಿ, ಮರುದಿನ ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಎರಡು ಬೇರೆ ಬೇರೆ ಕಸದ ತೊಟ್ಟಿಗೆ ಹಾಕಿದೆ.

ಆ ಭಾನುವಾರ ಸಂಜೆಯೇ ನನ್ನ ಗಂಡ ಕೂತಾಗ ಸೀಟು ಎಡಕ್ಕೆ ಕುಸಿಯಿತು. ಸ್ಪ್ರಿಂಗೊಂದು ಮೊಳಕೆಯಂತೆ ಮೇಲೆದ್ದು ತೊಡೆಗೆ ಚುಚ್ಚಿತು. ಅವರು ಸ್ವಲ್ಪ ಹೊತ್ತು ಓರೆಯಾಗಿಯೇ ಕೂತು ತಟ್ಟೆ ಕೇಳಲು ನೋಡಿದರು. ಆಗಲಿಲ್ಲ. ಎದ್ದು ಮಡಚುವ ಕುರ್ಚಿಗೆ ಹೋದರು. ಅಷ್ಟರಲ್ಲಿ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಒಳಗೆ ಬಿಟ್ಟರೆ ಕುರ್ಚಿ ಬಿಚ್ಚಿದ್ದು ಗೊತ್ತಾಗುತ್ತದೆ. ನಾನು ಹೊಸ್ತಿಲಲ್ಲೇ ನಿಂತು, ಪ್ಲೇಯರಿನ ಮುಳ್ಳು ಮುರಿದಿದೆ ಎಂದು ಸುಳ್ಳು ಹೇಳಿದೆ. ನನ್ನ ಹಿಂದೆ ವಯೊಲಿನ್ ಆಗ ತಾನೇ ನಿಂತಿತ್ತು. ಅವರು ಅಚ್ಛಾ ಎಂದು ತಲೆಯಾಡಿಸಿ ಮೆಟ್ಟಿಲಿಳಿದರು.

ಐದು ದಿನ ಕಳೆದು ಮತ್ತೆ ಬಂದರು. ಕೈಯಲ್ಲಿ ಸಣ್ಣ ಪೊಟ್ಟಣ. ಬಸ್ಸು ಬದಲಿಸಿ ಚಾಂದನಿ ಚೌಕದವರೆಗೆ ಹೋಗಿ, ನಮ್ಮ ಪ್ಲೇಯರಿಗೆ ಹೊಂದುವ ಮುಳ್ಳು ಹುಡುಕಿ ತಂದಿದ್ದರು. ತೆಗೆದುಕೊಳ್ಳುವಾಗ ನನ್ನ ಕಿವಿ ಬಿಸಿಯಾಯಿತು. ಅವರು ಹೋದ ಮೇಲೆ ನನ್ನ ಗಂಡ ಅಡಿಗೆ ಮನೆಯಲ್ಲಿ ನಲ್ಲಿ ಬಿಟ್ಟು ಹೇಳಿದ್ದು ಒಂದೇ ಮಾತು. ಒಬ್ಬ ಮನುಷ್ಯನಿಗೆ ನಮ್ಮ ಮನೆಯಲ್ಲಿ ಕೂರಲು ಇಷ್ಟು ಆತುರ ಇರಬೇಕಾದರೆ ಅದು ಸಂಗೀತಕ್ಕಲ್ಲ. ನಾಚಿಕೆಯ ಜೊತೆಗೇ ನನಗೂ ಹಾಗೇ ಅನ್ನಿಸಿತು.

ಸೋಫಾ, ಕುರ್ಚಿ ರಿಪೇರಿ ಎಂದು ಕೂಗುತ್ತ ಸೈಕಲ್ಲಿನಲ್ಲಿ ಒಬ್ಬ ಮುದುಕ ಮಿಸ್ತ್ರಿ ನಮ್ಮ ಬೀದಿಗೆ ಬರುತ್ತಿದ್ದ. ಒಂದು ಶನಿವಾರ ಅವನನ್ನು ಕರೆದೆವು. ಮನೆಯೊಳಗೆ ಬೆಳಕು ಸಾಲದೆಂದು ಅವನು ಕುರ್ಚಿಯನ್ನು ಕೆಳಗಿನ ಹುಲ್ಲಿನ ಮೇಲೆ ಇಳಿಸಿಕೊಂಡ. ಕ್ಯಾನ್ವಾಸ್ ಎತ್ತಿ ನೋಡಿದವನು, "ಯೇ ಕಿಸ್ನೇ ಕಾಟಾ?" ಎಂದ, ಇದನ್ನು ಕಡಿದದ್ದು ಯಾರು ಅಂತ.

ಇಲಿ ಇರಬಹುದು ಎಂದು ನನ್ನ ಗಂಡ ಹಿಂದಿಯಲ್ಲಿ ಹೇಳಿದರು. ಮಿಸ್ತ್ರಿ ತಂತಿಯ ತುದಿಯನ್ನು ಹಿಡಿದು ಅವರಿಗೆ ತೋರಿಸಿದ. ಸ್ಪ್ರಿಂಗುಗಳನ್ನು ಹಿಡಿದಿಡುವ ತಂತಿ ಇದು, ಸದ್ದಾಗಬಾರದೆಂದು ಬಟ್ಟೆ ಸುತ್ತುತ್ತಾರೆ, ಇದನ್ನು ಕತ್ತರಿಸಿದವನಿಗೆ ಕುರ್ಚಿಯ ಮೇಲೆ ಏನೋ ಹಗೆ ಇರಬೇಕು ಎಂದ. ಹೊಸ ತಂತಿ ಹಾಕುತ್ತೇನೆ, ಆದರೆ ಮೊದಲಿನ ಹಾಗೆ ಆಗುವುದಿಲ್ಲ ಎಂದೂ ಹೇಳಿದ. ತಲೆ ಎತ್ತಿದರೆ ಕೆಳಗಿನ ಮನೆಯವರು ತಮ್ಮ ಬಾಗಿಲಲ್ಲಿ ನಿಂತಿದ್ದರು. ಬಿಚ್ಚಿದ ಕ್ಯಾನ್ವಾಸ್, ಕತ್ತರಿಸಿದ ತುದಿ, ನನ್ನ ಗಂಡನ ಮುಖ, ಎಲ್ಲವನ್ನೂ ನೋಡಿ ಒಳಗೆ ಹೋದರು. ಆಮೇಲೆ ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು.

ಇದರಿಂದ ನನ್ನ ಗಂಡನ ಹೆದರಿಕೆ ಇನ್ನೂ ಹೆಚ್ಚಾಯಿತು. ಊಟ ಸೇರದೆ, ಪ್ರತಿದಿನ ಆಫೀಸಿನಿಂದ ಯಾರೋ ಕರೆಯುತ್ತಾರೆಂದು ಕಾಯುತ್ತಿದ್ದರು. ಎರಡು ವಾರ ನೋಡಿದೆ. ಕಡೆಗೆ ಒಂದು ಸಂಜೆ, ಅವರು ಬರುವ ಮುಂಚೆ, ಚಕ್ಕುಲಿಯ ಒಂದು ತಟ್ಟೆ ಹಿಡಿದು ಕೆಳಗೆ ಹೋದೆ. ನೇರವಾಗಿ ಕೇಳಿಬಿಡಬೇಕು ಅಂತಲೋ, ಅವರ ಮನೆಯೊಳಗೆ ಏನಿದೆ ನೋಡಬೇಕು ಅಂತಲೋ, ಎರಡೂ ಇತ್ತು.

ಬಾಗಿಲು ಅರ್ಧ ತೆರೆದಿತ್ತು. ಅವರು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಟ್ರಾನ್ಸಿಸ್ಟರಿನಲ್ಲಿ ಯಾರೋ ಕಲ್ಯಾಣಿ ಹಾಡುತ್ತಿದ್ದರು. ತೊಡೆಯ ಪಕ್ಕ ಒಂದು ಮರದ ಮಣೆ ಓರೆಯಾಗಿ ನಿಂತಿತ್ತು, ಅವರ ಬಲಗೈ ಅದರ ಅಡಿಭಾಗದಲ್ಲಿ ಇತ್ತು. ಒತ್ತಿ, ಸರಿದು, ಮತ್ತೆ ಒತ್ತಿ. ಅದೇ ಬೆರಳು, ಅದೇ ಚಲನೆ. ಹತ್ತಿರದಿಂದ ಈಗ ಸದ್ದೂ ಕೇಳಿಸಿತು. ಹಾಡಿನ ಕೆಳಗೆ ಹಾಡಿನಷ್ಟೇ ಸರಿಯಾಗಿ ನಡೆಯುತ್ತಿದ್ದ ಸದ್ದು. ನನ್ನ ನೆರಳು ಕಂಡು ಅವರು ಕೈ ತೆಗೆದರು.

"ಅದು ಏನು ಮಾಡ್ತಿದ್ರಿ ಸಾರ್?" ಎಂದೆ.

ಅವರಿಗೆ ಸಂಕೋಚವಾಯಿತು. ಏಳು ವರ್ಷ ಮೃದಂಗ ಕಲಿತದ್ದು, ಕೆಲಸ ಸಿಕ್ಕಿದ ಮೇಲೆ ಬಿಟ್ಟದ್ದು, ಕೈ ಮಾತ್ರ ಬಿಡದೆ ಇರುವುದು, ಎಲ್ಲವನ್ನೂ ನೆಲ ನೋಡುತ್ತ ಹೇಳಿದರು. ಆಫೀಸಿನಲ್ಲಿ ಮೇಜಿನ ಅಡಿ, ಬಸ್ಸಿನಲ್ಲಿ ಸೀಟಿನ ಅಡಿ. ಮೇಲೆ ಬಾರಿಸಿದರೆ ಜನ ನೋಡುತ್ತಾರೆ. ನಮ್ಮ ಕುರ್ಚಿಯ ತೋಳಿನ ಅಡಿಯ ಮರ ಬಹಳ ಒಳ್ಳೆಯ ನಾದ ಕೊಡುತ್ತಿತ್ತಂತೆ.

ನಾನು ತಟ್ಟೆ ಹಿಡಿದು ನಿಂತೇ ಇದ್ದೆ.

"ನನ್ನ ಮೇಲೆ ಸಂಶಯ ಇತ್ತು, ಅಲ್ಲವಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ನನಗೂ ನಿಮ್ಮ ಮೇಲೆ ಇತ್ತು. ನಮ್ಮಂಥ ಸಂಬಳದವರ ಮನೆಗೆ ಅಂಥ ಕುರ್ಚಿ, ಕೇಳಿದರೆ ಸುಳ್ಳು, ಯಾವಾಗ ನೋಡಿದರೂ ನಿಮ್ಮ ಅಡಿಗೆ ಮನೆಯ ನಲ್ಲಿ ಬಿಟ್ಟೇ ಇರುತ್ತದೆ. ನಮ್ಮ ಮೋರಿಯಲ್ಲಿ ಕೇಳುತ್ತದೆ. ಮೊದಲ ಎರಡು ಸಲ ನೋಡಲಿಕ್ಕೇ ಬಂದದ್ದು. ಮೂರನೆಯ ಸಲದಿಂದ ಕೇಳಲಿಕ್ಕೆ."

ನೋಡಿದ್ದನ್ನು ಯಾರಿಗಾದರೂ ಹೇಳಿದಿರಾ ಎಂದು ಕೇಳಿದೆ.

"ಹೇಳಲಿಕ್ಕೆ ಎಂಥದು ಉಂಟು? ಮೊಸರು ಹುಳಿ ಅಂತಲಾ?"

ಅವರು ನಗಲಿಲ್ಲ. ನಾನೂ ನಗಲಿಲ್ಲ. ಚಕ್ಕುಲಿ ಅಲ್ಲಿಟ್ಟು ಮೇಲೆ ಬಂದೆ. ಮೊಸರಿನ ಮಾತು ಅವರಿಗೆ ಹೇಗೆ ಗೊತ್ತು ಎಂದು ಹೊಳೆದದ್ದು ಅರ್ಧ ಮೆಟ್ಟಿಲು ಹತ್ತಿದ ಮೇಲೆ. ಮೋರಿಯ ಕೊಳವೆ ನಮ್ಮ ಅಡಿಗೆ ಮನೆಯಿಂದ ಅವರ ಅಡಿಗೆ ಮನೆಗೆ ಇಳಿದಿತ್ತು. ಕುರ್ಚಿಯ ಕೋಣೆಯಲ್ಲಿ ಮಾತಾಡಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ.

ನನ್ನ ಗಂಡನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ತಾಳ ಹಾಕುವವರು ವರದಿ ಬರೆಯುವುದಿಲ್ಲ ಅಂತ ಎಲ್ಲಿದೆ ಎಂದರು. ಆದರೂ ಮರುದಿನ ಆಫೀಸಿನಿಂದ ಬಂದವರು ಮೇಲೆ ಬರದೆ ನೇರ ಕೆಳಗಿನ ಮನೆಗೆ ಹೋಗಿ, ಕುರ್ಚಿ ಎಲ್ಲಿಯದೆಂಬುದನ್ನು ತಾವೇ ಹೇಳಿ, ಅವರನ್ನು ಕರೆದುಕೊಂಡು ಬಂದರು. ಅದಕ್ಕೆ ನನ್ನ ಗಂಡನಿಗೆ ಎಷ್ಟು ಧೈರ್ಯ ಬೇಕಾಗಿರಬೇಕೆಂದು ನನಗೊಬ್ಬಳಿಗೇ ಗೊತ್ತು.

ಮಿಸ್ತ್ರಿ ಹೇಳಿದಂತೆಯೇ ಆಗಿತ್ತು. ಸೀಟು ಮುಂಚಿಗಿಂತ ಎತ್ತರ, ಗಟ್ಟಿ, ಎಡಕ್ಕೆ ತುಸು ವಾಲು. ಕೆಳಗೆ ಮಡಿಸಿದ ಶಾಲು ಇಟ್ಟು ಸರಿಮಾಡಿಕೊಂಡೆವು. ನನ್ನ ಗಂಡ ಎಷ್ಟು ಒತ್ತಾಯ ಮಾಡಿದರೂ ಕೆಳಗಿನ ಮನೆಯವರು ಅದರಲ್ಲಿ ಮತ್ತೆ ಕೂರಲಿಲ್ಲ. ನೆಲದ ಮೇಲೆ ಚಾಪೆ ಹಾಕಿಸಿಕೊಂಡು, ತಮ್ಮ ತೊಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೈ ಆಡಿಸುತ್ತಿದ್ದರು. ಆ ಬೇಸಿಗೆಯಲ್ಲಿ ನನಗೂ ತಾಳ ಹಾಕುವುದನ್ನು ಹೇಳಿಕೊಟ್ಟರು. ಆದಿತಾಳದ ಎಂಟು ಎಣಿಕೆ ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಕಿರುಬೆರಳಿನಿಂದ ಶುರುಮಾಡಿ ಉಂಗುರದ ಬೆರಳಿಗೆ ಬರುವಷ್ಟರಲ್ಲಿ ಹಾಡು ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು.

"ತಪ್ಪಿತು," ಎನ್ನುತ್ತಿದ್ದರು ನನ್ನ ಗಂಡ, ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ. ಅವರ ಕಣ್ಣು ಪೂರ್ತಿ ಮುಚ್ಚಿದೆಯೇ ಎಂದು ನಾನು ತಿರುಗಿ ನೋಡುತ್ತಿದ್ದೆ. ಅಷ್ಟರಲ್ಲಿ ತಾಳ ಮತ್ತೆ ತಪ್ಪುತ್ತಿತ್ತು.